ದಣೇರ, ಪತ್ರ ಬಂದೈತ್ರಿ

"ಎಡಗಾಲ ಮುಂದಿಟ್ಟಿ. ಹಿಂದಕ್ಕ ಹೋಗಿ ಮತ್ತ ಬಾ."

ಮಾಸ್ತರು ಹೀಗೆಂದಾಗ ನಾನು ತಿರುಗಿ ನೋಡಿದ್ದು ಹುಡುಗನ ಕಾಲನ್ನಲ್ಲ, ಮಾಸ್ತರ ಮುಖವನ್ನು. ಅವರಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಹಾರ್ಮೋನಿಯಂ ಪೇಟಿಯನ್ನು ಎದುರಿಗಿಟ್ಟುಕೊಂಡು, ಹುಡುಗರು ನಿಂತ ಕಡೆಗಲ್ಲ, ಗೋಡೆಯ ಕಡೆಗೆ ಮುಖ ಮಾಡಿ ಕೂತಿದ್ದರು. ಹೇಗೆ ಗೊತ್ತಾಯಿತೆಂದು ಕೇಳಿದರೆ ನಕ್ಕರು. "ಇದರಾಗ ಏನ್ ಪವಾಡ ಇಲ್ರೀ. ಆ ಕಡೆ ಫರಸಿ ಕಲ್ಲ ಸಡ್ಲ ಐತಿ. ಎಡಗಾಲಿಟ್ರ ಲಟಕ್ ಅಂತೈತಿ."

ಇದು ನಡೆದ ಹೊಂಬಳ ಗದಗಿನ ಮಗ್ಗುಲಲ್ಲೇ ಇರುವ ಎರೆಭೂಮಿಯ ಊರು. ಹಿಂಗಾರಿಯ ಕಡಲೆ ಕಿತ್ತು, ರಾಶಿ ಮಾಡಿ, ಕೈ ಸ್ವಲ್ಪ ಸಡಿಲಾದ ಮೇಲೆ ಈ ಭಾಗದ ಊರುಗಳಲ್ಲಿ ತಾಲೀಮಿನ ಕಾಲ ಶುರುವಾಗುತ್ತದೆ. ಜಾತ್ರೆಗೊಂದು ನಾಟಕ ಆಗಲೇಬೇಕು. ರಾತ್ರಿ ಊಟ ಮುಗಿಸಿ ಒಂಬತ್ತರ ಸುಮಾರಿಗೆ ಹುಡುಗರು ಒಬ್ಬೊಬ್ಬರೇ ಬಂದು ಸೇರುತ್ತಾರೆ. ಹಗಲು ಟ್ರ್ಯಾಕ್ಟರ್ ಹೊಡೆಯುವವನು, ಗದಗಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು, ಗೌಂಡಿ ಕೆಲಸದವನು, ಡಿಗ್ರಿ ಮುಗಿಸಿ ಪೊಲೀಸ್ ಪರೀಕ್ಷೆಗೆ ಓದುತ್ತಿರುವವರು ಇಬ್ಬರು. ಹಳ್ಳಿಯ ಹವ್ಯಾಸಿ ನಟರ ಕಷ್ಟಸುಖ ಬರೆಯೋಣವೆಂದು ಒಂದು ಸಂಜೆಗೆ ಹೋದ ನಾನು ಮೂರು ರಾತ್ರಿ ಕೂತುಬಿಟ್ಟೆ. ಅದಕ್ಕೆ ಕಾರಣ ಈ ಮಾಸ್ತರು.

ಇವರ ಸಂಗೀತ ಗದಗಿನ ವೀರೇಶ್ವರ ಪುಣ್ಯಾಶ್ರಮದ್ದು. ಅಲ್ಲಿ ಕಲಿತವರೆಂದರೆ ಈ ಸೀಮೆಯಲ್ಲಿ ಬೇರೆ ಸರ್ಟಿಫಿಕೇಟು ಬೇಡ. ಕಣ್ಣಿಲ್ಲದ ಮಕ್ಕಳಿಗೆ ಅನ್ನ, ಆಸರೆ, ಸ್ವರ ಮೂರನ್ನೂ ಕೊಟ್ಟ ಮನೆ ಅದು. ಅಂಧರೇ ಆಗಿದ್ದ ಪಂಚಾಕ್ಷರಿ ಗವಾಯಿಗಳು ಕಟ್ಟಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ನಡೆಸಿದರು. ಪುಟ್ಟರಾಜರು ಸಂಗೀತಗಾರರೆಂದು ಎಲ್ಲರಿಗೂ ಗೊತ್ತು, ನಾಟಕ ಬರೆದವರು, ನಾಟಕ ಕಂಪನಿ ನಡೆಸಿದವರು ಎಂಬುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಆಶ್ರಮದ ಮಕ್ಕಳ ಹೊಟ್ಟೆ ತುಂಬಿಸಲು ಆ ಕಂಪನಿ ಊರೂರು ತಿರುಗಿತು. ಕಣ್ಣಿಲ್ಲದವರು ನಾಟಕ ಹೇಗೆ ಕಲಿಸುತ್ತಾರೆ ಎಂಬ ನನ್ನ ಪ್ರಶ್ನೆ ಮಾಸ್ತರಿಗೆ ವಿಚಿತ್ರವಾಗಿ ಕೇಳಿಸಿದ್ದು ಅದಕ್ಕೇ ಇರಬೇಕು.

ಅವರ ಪದ್ಧತಿ ಹೀಗೆ. ಊರವರು ನಾಟಕ ಗೊತ್ತು ಮಾಡಿದ ಮೇಲೆ ಯಾರಾದರೂ ಒಬ್ಬರು ಪುಸ್ತಕವನ್ನು ಅವರೆದುರು ಎರಡು ಸಲ ಓದಬೇಕು. ಮೊದಲ ಸಲ ಮಾಸ್ತರು ಸುಮ್ಮನೆ ಕೇಳುತ್ತಾರೆ. ಎರಡನೆಯ ಸಲ ಅಲ್ಲಲ್ಲಿ ನಿಲ್ಲಿಸಿ ಪೇಟಿಯ ಮೇಲೆ ಒಂದೆರಡು ಸ್ವರ ಹಿಡಿದು ನೋಡುತ್ತಾರೆ. ಹಾಡೆಲ್ಲಿ, ಮಾತಿನ ಹಿಂದೆ ಪೇಟಿ ಎಲ್ಲಿ, ಬರೀ ಮೌನ ಎಲ್ಲಿ ಎಂಬುದು ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಪುಸ್ತಕ ಅವರಿಗೆ ಬೇಡ. ನಾಯಕನದು, ಖಳನಾಯಕನದು, ಹಾಸ್ಯದವನದು, ಇನ್ನೂ ಬಾರದ ನಾಯಕಿಯದು, ಎಲ್ಲರ ಮಾತೂ ಅವರ ಬಾಯಲ್ಲಿರುತ್ತದೆ.

ಹುಡುಗರಿಗೆ ಮಾತ್ರ ಬರೆದುಕೊಳ್ಳುವುದು ಕಡ್ಡಾಯ. ತಂತಮ್ಮ ಪಾರ್ಟನ್ನು ಇನ್ನೂರು ಪುಟದ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಬೇಕು, ಎದುರಿನವನ ಕೊನೆಯ ಮಾತನ್ನು ಕೆಂಪು ಪೆನ್ನಿನಲ್ಲಿ. ಈಗಿನವರು ಪುಟಗಳ ಫೋಟೋ ಹೊಡೆದುಕೊಂಡು ಮೊಬೈಲ್ ನೋಡಿ ಒಪ್ಪಿಸುತ್ತಾರೆ. ಅದು ಮಾಸ್ತರಿಗೆ ಕೂಡಲೇ ತಿಳಿಯುತ್ತದೆ: ಬೆರಳಿನಿಂದ ಪುಟ ಸರಿಸುವಾಗ ಮಾತು ಅರೆಗಳಿಗೆ ತಡೆಯುತ್ತದಂತೆ. "ಲೇ ತಮ್ಮಾ, ಫೋನ್ ಇಡು. ಫೋನಿಗೆ ಪಾಠ ಆದ್ರ ಸ್ಟೇಜಿನ ಮ್ಯಾಲೆ ಫೋನಿಗೇ ಬಣ್ಣ ಹಚ್ಚಬೇಕಾಗತೈತಿ."

ಉಚ್ಚಾರದ ವಿಷಯಕ್ಕೆ ಬಂದರೆ ಅವರು ಕರುಣೆಯಿಲ್ಲದ ಮನುಷ್ಯ. ಆಡುಮಾತಿನಲ್ಲಿ ಮಹಾಪ್ರಾಣ ಯಾರಿಗೆ ಬೇಕು? ಸಾಮಾಜಿಕ ನಾಟಕದಲ್ಲಿ ಹೇಗೋ ನಡೆಯುತ್ತದೆ. ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ'ಯಂಥದನ್ನು ಎತ್ತಿಕೊಂಡರೆ ಮುಗಿಯಿತು, ಭೀಮ 'ಬೀಮ'ನಾಗುತ್ತಾನೆ, ಗದೆ ಹೊತ್ತರೂ ತೂಕ ಬರುವುದಿಲ್ಲ. ಅದಕ್ಕೆ ಅವರ ಮದ್ದು ಸರಳ. ಬಾಯಿಯ ಮುಂದೆ ಅಂಗೈ ಹಿಡಿದು ಹೇಳಬೇಕು, ಉಸಿರು ಅಂಗೈಗೆ ಬಡಿಯಬೇಕು. ಒಂದು ರಾತ್ರಿ ಏಳೆಂಟು ಜನ ಸಾಲಾಗಿ ನಿಂತು ತಮ್ಮ ಅಂಗೈಗೇ ಭೀಮ, ಧರ್ಮ, ಘೋರ ಎಂದು ಹೇಳಿಕೊಳ್ಳುತ್ತಿದ್ದುದನ್ನು ನೋಡಿ ಹೊರಗೆ ನಿಂತ ಚಿಕ್ಕ ಹುಡುಗರು ನಕ್ಕು ಓಡಿಹೋದರು. ನಾನೂ ಬಾಯಿಗೆ ಅಂಗೈ ಹಿಡಿದು ನೋಡಿಕೊಂಡೆ ಅನ್ನಿ.

ಆ ಸಾಲಿನ ಕೊನೆಯಲ್ಲಿ ಒಬ್ಬನಿದ್ದ. ಹತ್ತೊಂಬತ್ತರ ವಯಸ್ಸು, ಬಣ್ಣ ಹಚ್ಚುವ ಆಸೆ ಬಹಳ, ಕೈಯಲ್ಲಿ ದುಡ್ಡಿಲ್ಲ. ಅವನ ಪಾಲಿಗೆ ಬಂದದ್ದು ಆಳುಮಗನ ಪಾರ್ಟು, ಇಡೀ ನಾಟಕಕ್ಕೆ ಒಂದೇ ಮಾತು: "ದಣೇರ, ಪತ್ರ ಬಂದೈತ್ರಿ." ಮೊದಲ ರಾತ್ರಿ ಅವನು ಆ ಮಾತನ್ನು ದೇಸಾಯರ ಗತ್ತಿನಲ್ಲಿ ಹೇಳಿದ. ಎರಡನೆಯ ರಾತ್ರಿ ಅಳುತ್ತ ಹೇಳಿದ. ಮಾಸ್ತರು ಪೇಟಿಯ ಬಾತೆ ಮುಚ್ಚಿದರು.

"ಪತ್ರ ಯಾರದು?"

ಹುಡುಗ ಸುಮ್ಮನೆ ನಿಂತ.

"ಯಾರದಂತ ಗೊತ್ತಿಲ್ಲದ ಪತ್ರ ತಂದು ಕೊಡಾಕ ನೀ ಏನ್ ಪೋಸ್ಟ್ ಆಫೀಸೇನು? ಹೋಗು, ಪುಸ್ತಕ ಪೂರಾ ಓದಿಕೊಂಡು ಬಾ."

ಅವನಿಗೆ ದೊಡ್ಡ ಪಾರ್ಟು ಏಕಿಲ್ಲ ಎಂದು ಕೇಳಿದರೆ ಹಳ್ಳಿ ನಾಟಕದ ಅರ್ಥಶಾಸ್ತ್ರ ತೆರೆದುಕೊಳ್ಳುತ್ತದೆ. ಹವ್ಯಾಸಿ ನಟನಿಗೆ ಸಂಬಳವಿಲ್ಲ ಎನ್ನುವುದು ಅರ್ಧ ಸತ್ಯ, ಅವನೇ ದುಡ್ಡು ಕೊಟ್ಟು ನಟಿಸುತ್ತಾನೆ. ಪಾರ್ಟಿನ ತೂಕಕ್ಕೆ ತಕ್ಕಂತೆ ಪಟ್ಟಿ. ಮಂಡ್ಯ, ತುಮಕೂರು ಕಡೆಯ ಪೌರಾಣಿಕ ನಾಟಕಗಳಲ್ಲಿ ದುರ್ಯೋಧನ, ಕೃಷ್ಣರ ಪಾತ್ರಕ್ಕೆ ಇಷ್ಟಿಷ್ಟೆಂದು ಕಟ್ಟುವ ರೂಢಿ ಇರುವ ಹಾಗೆಯೇ ಇದೂ. ಮಾಸ್ತರ ಸಂಭಾವನೆ, ತಬಲಾದವನು, ಕ್ಯಾಸಿಯೋದವನು, ಸೀನರಿ, ಲೈಟು, ಮೈಕು, ಬಣ್ಣ, ಹ್ಯಾಂಡ್‌ಬಿಲ್ಲು, ಎಲ್ಲವೂ ಈ ಪಟ್ಟಿಯಿಂದ ಏಳಬೇಕು. ಹೀಗಾಗಿ ಯಾರಿಗೆ ಕಂಠವಿದೆ ಎಂಬುದಕ್ಕಿಂತ ಯಾರಿಗೆ ಈ ವರ್ಷ ಉಳ್ಳಾಗಡ್ಡಿ ರೇಟು ಕೈಹಿಡಿಯಿತು ಎಂಬುದರ ಮೇಲೆ ನಾಯಕ ತೀರ್ಮಾನವಾಗುವುದುಂಟು. ಮಾಸ್ತರು ಇದನ್ನು ಬಲ್ಲರು. "ಕಂಠ ಇದ್ದಾಂವಗ ರೊಕ್ಕ ಇರೂದಿಲ್ಲ, ರೊಕ್ಕ ಇದ್ದಾಂವಗ ತಾಳ ಇರೂದಿಲ್ಲ. ಇಬ್ಬರನ್ನೂ ಕೂಡ್ಸಿ ಒಂದ ನಾಟಕ ಮಾಡೂದು ನನ್ನ ಉದ್ಯೋಗ."

ಇನ್ನು ನಾಯಕಿ. ಎರಡು ತಿಂಗಳು ತಾಲೀಮಿನಲ್ಲಿ ನಾಯಕಿಯ ಜಾಗದಲ್ಲಿ ನಿಲ್ಲುವವನು ಮೀಸೆ ಹೊತ್ತ ಗೆಳೆಯ. ನಿಜವಾದ ನಾಯಕಿ ವೃತ್ತಿ ಕಲಾವಿದೆ, ಗದಗಿನಿಂದಲೋ ಹುಬ್ಬಳ್ಳಿಯಿಂದಲೋ ನಾಟಕದ ದಿನವೇ ಬಂದಿಳಿಯುತ್ತಾಳೆ. ಧುತ್ತರಗಿಯವರ 'ಸಂಪತ್ತಿಗೆ ಸವಾಲ್'ನಂಥ ನಾಟಕಗಳು ಇವರಿಗೆ ಬಾಯಿಪಾಠ. 1974ರಲ್ಲಿ ಅದು ರಾಜಕುಮಾರ್ ಸಿನಿಮಾ ಆಗುವ ಮೊದಲೂ ಆಮೇಲೂ ಈ ಭಾಗದ ರಂಗದ ಮೇಲೆ ಅದಕ್ಕೆ ಬಿಡುವೇ ಇರಲಿಲ್ಲ. ಊರ ನಾಯಕ ಅಂಥ ಅನುಭವಸ್ಥೆಯ ಎದುರು ಮೊದಲ ಸಲ ನಿಲ್ಲುವುದು ಪರದೆ ಎದ್ದ ಮೇಲೆಯೇ. ಮೀಸೆಯ ಗೆಳೆಯನಿಗೆ ಸರಾಗವಾಗಿ ಹೇಳಿದ ಪ್ರೇಮದ ಮಾತು ಆಗ ಗಂಟಲಲ್ಲೇ ಉಳಿಯುತ್ತದೆ. ಆಕೆ ತನ್ನ ಮಾತಿನ ಜೊತೆಗೆ ಅವನ ಮಾತನ್ನೂ ಪ್ರಶ್ನೆಯ ರೂಪದಲ್ಲಿ ಹೇಳಿ, ಅವನು ಬರೀ "ಹೌದು" ಅನ್ನುವಂತೆ ಮಾಡಿ ದೃಶ್ಯ ದಾಟಿಸುತ್ತಾಳೆ. ಪ್ರೇಕ್ಷಕರಿಗೆ ಗೊತ್ತೇ ಆಗುವುದಿಲ್ಲ. ಈ ಹೆಣ್ಣುಮಕ್ಕಳ ಕಸುಬಿನ ಬಗ್ಗೆ ಬೇರೆಯೇ ಲೇಖನ ಬರೆಯಬೇಕು. ಬೆಳಗಿನ ಜಾವ ಬಣ್ಣ ಒರೆಸಿಕೊಂಡು, ಮುಂದಿನ ಊರಿನ ಬಸ್ಸಿಗೆ ಕಾಯುತ್ತ ಕೂತ ಅವರನ್ನು ಮಾತಾಡಿಸುವವರು ಕಡಿಮೆ.

ಊರ ಹುಡುಗಿಯರು? ತಾಲೀಮಿನ ಬಾಗಿಲಲ್ಲಿ ನಿಂತು ಕೇಳಿ ಮಾತೆಲ್ಲ ಕಲಿತ ಇಬ್ಬರನ್ನು ನಾನೇ ನೋಡಿದೆ. ಶಾಲೆಯ ಗ್ಯಾದರಿಂಗಿನಲ್ಲಿ ಕಿತ್ತೂರ ಚೆನ್ನಮ್ಮನಾಗಬಹುದು, ಜಾತ್ರೆಯ ನಾಟಕದಲ್ಲಿ ಆಗದು. "ನಾಳೆ ಕನ್ಯಾ ನೋಡಾಕ ಬರ್ತಾರ್ರೀ" ಎಂಬ ಒಂದೇ ಮಾತಿಗೆ ಚರ್ಚೆ ಮುಗಿಯುತ್ತದೆ.

ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರಿಗೆ ಈ ಮಾತು ಸೇರಲಿಲ್ಲ. ಅವರು ಎಲೆ ಅಡಿಕೆ ಮೆಲ್ಲುತ್ತ ಇತಿಹಾಸ ತೆಗೆದರು. ಮರಾಠಿ ನಾಟಕದವರು ಬಂದು ನಮ್ಮ ಜನರನ್ನು ಮರುಳು ಮಾಡುತ್ತಿದ್ದ ಕಾಲದಲ್ಲಿ, ಅಂದರೆ 1870ರ ದಶಕದಲ್ಲಿ, ಶಾಲೆಯ ಮಾಸ್ತರಿಕೆಯಲ್ಲಿದ್ದ ಸಕ್ಕರಿ ಬಾಳಾಚಾರ್ಯರು ಇದೇ ಗದಗಿನಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿದರು. 'ಶಾಂತಕವಿ' ಅಂದರೆ ಅವರೇ. ಶಾಲೆಯ ಮಾಸ್ತರರು ಹವ್ಯಾಸಕ್ಕೆಂದು ಕೈಹಾಕಿದ ಕೆಲಸದಿಂದಲೇ ಉತ್ತರ ಕರ್ನಾಟಕದ ಕಂಪನಿ ನಾಟಕ ಹುಟ್ಟಿತು ಎನ್ನುವುದು ಹಿರಿಯರ ವಾದ. ಆಮೇಲೆ ಶಿರಹಟ್ಟಿಯ ವೆಂಕೋಬರಾಯರು, ಗದಗಿನ ಗರುಡ ಸದಾಶಿವರಾಯರು ಮತ್ತು ಅವರ ದತ್ತಾತ್ರೇಯ ನಾಟಕ ಮಂಡಳಿ. ವಕೀಲಿ ಮಾಡುತ್ತಲೇ ನಾಟಕ ಬರೆದ ಹುಯಿಲಗೋಳ ನಾರಾಯಣರಾಯರ ಹಾಡಂತೂ 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಮೊಳಗಿತು. "ಮತ್ತ ಹೆಣಮಕ್ಕಳದಂದ್ರ, ಲಕ್ಷ್ಮೇಶ್ವರದ ಬಚ್ಚಾಸಾನಿ ಹೆಂಗಸರದ ಕಂಪನೀನ ಕಟ್ಟಿದ್ಲು. ಅವಾಗ ಆಗಿದ್ದು ಇವಾಗ ಯಾಕ ಆಗವಲ್ದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎಲೆ ಉಗುಳಲು ಎದ್ದರು.

ಹುಡುಗರ ಪ್ರಶ್ನೆಗಳು ಬೇರೆ. "ಸೀರಿಯಲ್‌ನ್ಯಾಗ ಚಾನ್ಸ್ ಸಿಗಬೇಕಂದ್ರ ಯಾರನ್ನ ಕಾಣಬೇಕ್ರಿ?" ಎಂದು ಪೊಲೀಸ್ ಪರೀಕ್ಷೆಗೆ ಓದುವವನು ಕೇಳಿದ. ಯಾರನ್ನಾದರೂ ಕಾಣುವ ಮೊದಲು, ಆಡಿಷನ್ನಿಗೆಂದು ದುಡ್ಡು ಕೇಳುವವರನ್ನು ಕಾಣಬೇಡ ಎಂದಷ್ಟೇ ಹೇಳಿದೆ. ಹೆಗ್ಗೋಡಿನ ನೀನಾಸಂ 1980ರಿಂದ ರಂಗಶಿಕ್ಷಣ ಕೊಡುತ್ತಿದೆ, ಸಾಣೇಹಳ್ಳಿಯಲ್ಲೂ ಶಾಲೆಯಿದೆ, ಧಾರವಾಡದಲ್ಲಿ ರಂಗಾಯಣವಿದೆ ಎಂದೆ. "ತಿಂಗಳಗಟ್ಲೆ ಅಲ್ಲೇ ಇರಬೇಕೇನ್ರಿ?" ಎಂದ. ಹೌದೆಂದೆ. ಅವನು ನೋಟ್‌ಬುಕ್ ಮುಚ್ಚಿದ. ಅಪ್ಪನಿಗೆ ಮೊಣಕಾಲು ನೋವು, ಎತ್ತು ಮಾರಿದ್ದಾರೆ, ಹೊಲಕ್ಕೆ ನೀರು ಬಿಡುವವನು ಇವನೇ. ಇಂಥವನಿಗೆ ವಾರಕ್ಕೆ ಎರಡು ಸಂಜೆ ಗದಗಿನಲ್ಲೇ ಕಲಿಸುವ ಒಂದು ರಂಗಶಾಲೆ ಇದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗನ್ನಿಸುತ್ತದೆ. ಪುಣ್ಯಾಶ್ರಮದಂಥದನ್ನು ಕಟ್ಟಿಕೊಂಡ ಊರಿಗೆ ಅದೇನು ದೊಡ್ಡ ಕೆಲಸವಲ್ಲ.

ಕಾನೂನಿನದೂ ಒಂದು ತೊಡಕು. ಹಳ್ಳಿಯ ನಾಟಕ ಶುರುವಾಗುವುದೇ ರಾತ್ರಿ ಹತ್ತೂವರೆಗೆ, ಮುಗಿಯುವುದು ಕೋಳಿ ಕೂಗುವಾಗ. 2000ರ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಸುವ ಅಧಿಕಾರ ಸರ್ಕಾರಕ್ಕಿದೆ. ಹನ್ನೆರಡಕ್ಕೆ ನಮ್ಮ ನಾಟಕದಲ್ಲಿ ಖಳನಾಯಕ ಇನ್ನೂ ಆಸ್ತಿಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿರುವುದಿಲ್ಲ! ನಡುನಡುವೆ ಆಯೇರಿಯ ಘೋಷಣೆ ಬೇರೆ: ಇಂಥವರು ಇಂಥ ಪಾತ್ರ ಮೆಚ್ಚಿ ಇಷ್ಟು ರೂಪಾಯಿ ಎಂದು ಮೈಕಿನಲ್ಲಿ ಕೂಗುವಾಗ ಸಾಯುತ್ತಿರುವ ತಾಯಿ ಎದ್ದು ಕೂತು ಕೈಮುಗಿದು ಮತ್ತೆ ಮಲಗಿ ಸಾಯಬೇಕು.

ಮೂರನೆಯ ರಾತ್ರಿ ಹ್ಯಾಂಡ್‌ಬಿಲ್ಲಿನ ಮಾತು ಬಂತು. ಅಚ್ಚಿನ ಕೆಲಸಕ್ಕೆ ಗದಗ ಹೆಸರಾದ ಊರು. 'ಭವ್ಯ ರಂಗಸಜ್ಜಿಕೆ' ಎಂಬ ಸಾಲಿಲ್ಲದೆ ನಾಟಕದ ಹ್ಯಾಂಡ್‌ಬಿಲ್ಲು ಹೊರಗೆ ಬಂದದ್ದಿಲ್ಲ. ಅದರ ಮೇಲೆ ಫೋಟೋ ಬರುವುದೇ ಎಷ್ಟೋ ಹುಡುಗರಿಗೆ ಪಟ್ಟಿ ಕೊಟ್ಟದ್ದರ ಫಲ. ಎಲ್ಲರೂ ಪಾಸ್‌ಪೋರ್ಟ್ ಫೋಟೋ ಒಟ್ಟು ಮಾಡಿದರು. ಆಳುಮಗನ ಫೋಟೋವನ್ನು ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಹಿರಿಯರಿಬ್ಬರು ಬಂದು, ಈ ವರ್ಷ ನಾಟಕದ ಬದಲು ರಸಮಂಜರಿ ತರಿಸಿದರೆ ಹೇಗೆ, ಒಂದೇ ದಿನದ ಕೆಲಸ, ಎರಡು ತಿಂಗಳ ತಾಪತ್ರಯ ತಪ್ಪುತ್ತದೆ ಎಂದರು. ಯಾರೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮಾಸ್ತರು ಪೇಟಿಗೆ ಬಟ್ಟೆ ಹೊದಿಸಿದರು.

ಆ ರಾತ್ರಿ ಅವರ ಊಟದ ಪಾಳಿ ಆಳುಮಗನ ಮನೆಯಲ್ಲಿತ್ತು. ಅವನು ಅವರ ಕೈಯನ್ನು ತನ್ನ ಹೆಗಲ ಮೇಲಿಟ್ಟುಕೊಂಡು ಓಣಿಯಲ್ಲಿ ನಡೆದ. ನಾನು ಹಿಂದಿದ್ದೆ. ಲೈಟಿನ ಕಂಬ ದಾಟಿದ ಮೇಲೆ ಅವನು ಮೆಲ್ಲಗೆ ಹೇಳಿದ:

"ಮಾಸ್ತರ, ಪತ್ರ ನಾಯಕಿ ತವರಮನಿಯಿಂದ ಬಂದಿದ್ದು. ಅವ್ವ ತೀರಿಕೊಂಡಿದ್ದು. ನಾ ಅದನ್ನ ಓದಿರಂಗಿಲ್ಲ. ಆದ್ರ ತಂದಾವನ ಮಾರಿ ನೋಡಿದ್ದೆ."

ಮಾಸ್ತರು ನಿಂತರು. "ಹಂಗಾರ ಈಗ ಹೇಳು."

ಹುಡುಗ ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ ಕತ್ತಲಲ್ಲಿ ನಿಂತುಕೊಂಡ. ಅಲ್ಲಿಂದ ಬಂದು, ಒಂದು ಕ್ಷಣ ತಡೆದು, ಯಾವ ಗತ್ತೂ ಅಳುವೂ ಇಲ್ಲದೆ ಹೇಳಿದ.

ಮಾಸ್ತರು ಏನೂ ಹೇಳಲಿಲ್ಲ. ಕೈ ಮುಂದೆ ಚಾಚಿ ಅವನ ಹೆಗಲು ಹುಡುಕಿಕೊಂಡರು.