ಹಳೆಯ ಶ್ರೀಮಂತ ಮೋಟಾರುಗಳು ಮತ್ತು ನಮ್ಮ ಮಿಸ್ತ್ರಿಗಳು



ವಿಜಯದಶಮಿಯ ಸಂಜೆ ಕೊಲ್ಹಾಪುರದ ದಸರಾ ಚೌಕಕ್ಕೆ ಹೋಗಿ ಬಂದವರಿಗೆಲ್ಲ ಒಂದು ಮೋಟಾರು ಗುರುತಿರುತ್ತದೆ. ಸೀಮೋಲ್ಲಂಘನಕ್ಕೆ ಛತ್ರಪತಿ ಮನೆತನದವರು ಬರುವ ಉದ್ದ ಮೂತಿಯ ಹಳೆಯ ಗಾಡಿ ಅದು. ಪಾಲಕಿ ನೋಡಲು, ಬನ್ನಿ ಬಂಗಾರ ಹಂಚಿಕೊಳ್ಳಲು ಬಂದ ಜನ ಆ ಗಾಡಿಯನ್ನೂ ಕಣ್ತುಂಬ ನೋಡಿಯೇ ಊರಿಗೆ ತಿರುಗುತ್ತಾರೆ. ಅದರ ಹೆಸರು ಮೇಬಾಕ್. ಅದರ ಬಗ್ಗೆ ಊರಲ್ಲಿ ಕಥೆಗಳು ಬಹಳ ಇವೆ. ಕಥೆಗಳನ್ನು ಕಟ್ಟೆಯ ಮೇಲೆ ಕೂತವರಿಗೆ ಬಿಟ್ಟು, ಗಾಡಿಯ ವಿಷಯಕ್ಕೆ ಬರೋಣ.

ಬೆಂಜ್ ಎಂದರೆ ನಮಗೆ ಗೊತ್ತು, ರೋಲ್ಸ್ ರಾಯ್ಸ್ ಎಂದರೂ ಗೊತ್ತು. ಈ ಮೇಬಾಕ್ ಯಾವುದು? ಜರ್ಮನಿಯ ವಿಲ್ಹೆಲ್ಮ್ ಮೇಬಾಕ್ ಎಂಬ ಇಂಜಿನಿಯರ್, ಡೈಮ್ಲರ್ ಸಾಹೇಬರ ಜೊತೆಗಾರ. ಅವನೂ ಅವನ ಮಗ ಕಾರ್ಲನೂ 1909ರಲ್ಲಿ ಜೆಪ್ಪೆಲಿನ್ ಎಂಬ ಆಕಾಶ ನೌಕೆಗಳಿಗೆ ಇಂಜಿನ್ ಮಾಡುವ ಕಾರಖಾನೆ ಹಾಕಿದರು. ಮೊದಲ ಮಹಾಯುದ್ಧದಲ್ಲಿ ಜರ್ಮನಿ ಸೋತಿತು, ವಿಮಾನದ ಕೆಲಸಕ್ಕೆ ಕಟ್ಟುಪಾಡು ಬಂತು. ಕೈಯಲ್ಲಿ ವಿದ್ಯೆ ಇದೆ, ಕೆಲಸವಿಲ್ಲ. ಆಗ 1921ರಲ್ಲಿ ಅವರು ಮೋಟಾರು ಕಾರು ಹೊರತಂದರು. 1941ರವರೆಗೆ, ಅಂದರೆ ಇಪ್ಪತ್ತು ವರ್ಷಗಳಲ್ಲಿ, ಅವರು ಮಾಡಿದ ಕಾರುಗಳು ಸುಮಾರು 1,800 ಮಾತ್ರ.

ಇನ್ನೊಂದು ಮಾತು ತಿಳಿಯಬೇಕು. ಆ ಕಾಲದ ಶ್ರೀಮಂತ ಗಾಡಿಗಳ ಕಂಪನಿಗಳು ಸಾಮಾನ್ಯವಾಗಿ ಇಡೀ ಕಾರು ಮಾಡಿ ಕೊಡುತ್ತಿರಲಿಲ್ಲ. ಚಾಸಿಸ್ಸು, ಇಂಜಿನ್ನು, ಗಾಲಿ ಇಷ್ಟನ್ನು ಕಂಪನಿ ಕೊಡುವುದು. ಮೇಲಿನ ಮೈಯನ್ನು, ಗಿರಾಕಿಯ ಮನಸ್ಸಿನಂತೆ, ಬೇರೆ ಬಡಿಗರು ಕಟ್ಟುವುದು. ನಮ್ಮಲ್ಲಿ ಅಚ್ಚು, ಗಾಲಿ ಒಂದು ಕಡೆ ಮಾಡಿಸಿ, ಸವಾರಿ ಬಂಡಿಯ ಕಮಾನು ಇನ್ನೊಂದು ಕಡೆ ಕಟ್ಟಿಸಿದಂತೆ. ಹೀಗಾಗಿ ಒಂದೇ ಕಂಪನಿಯ ಎರಡು ಗಾಡಿ ಒಂದೇ ತರಹ ಇರುತ್ತಿದ್ದುದು ಕಡಿಮೆ. ಕೊಲ್ಹಾಪುರದ ಈ ಮೇಬಾಕ್ 1922ರಿಂದ 1940ರವರೆಗೆ ಆಳಿದ ರಾಜಾರಾಮ ಮಹಾರಾಜರ ಕಾಲದ್ದು. ಸಂಸ್ಥಾನ 1949ರ ಮಾರ್ಚ್ 1ರಂದು ಮುಂಬಯಿ ಪ್ರಾಂತದಲ್ಲಿ ಸೇರಿತು, 1971ರಲ್ಲಿ ರಾಜಧನವೂ ನಿಂತಿತು. ದೇಶದ ಎಷ್ಟೋ ಅರಮನೆಗಳ ಮೋಟಾರುಗಳು ಆಮೇಲೆ ಕೈಬದಲಾದವು, ಕೆಲವು ಗುಜರಿ ಸೇರಿದವು. ಇದು ಉಳಿಯಿತು, ಉಳಿದು ಓಡುತ್ತದೆ.

ಅರಮನೆಯಿಂದ ಪೇಟೆಗೆ ಬರೋಣ. ನಮ್ಮ ಇಚಲಕರಂಜಿಯಲ್ಲಿ, ಗಡಹಿಂಗ್ಲಜದಲ್ಲಿ ವಯಸ್ಸಾದ ನಾಲ್ಕು ಜನ ಸೇರಿದರೆ, ಮಳೆ, ಕಬ್ಬಿನ ದರ ಮುಗಿದ ಮೇಲೆ, ಹಳೆಯ ಗಾಡಿಯ ಮಾತು ಬಂದೇ ಬರುತ್ತದೆ. ಮಗ್ಗದ ಸಾಹುಕಾರರೊಬ್ಬರು ತಮ್ಮ ತಂದೆಯ ಪ್ಲೈಮೌತ್ ನೆನೆಯುತ್ತಾರೆ. ಹಿಂದಿನ ಸೀಟಿನಲ್ಲಿ ಐದು ಹುಡುಗರು, ಡಿಕ್ಕಿಯಲ್ಲಿ ನೂಲಿನ ಗಂಟು. ಡಾಜ್, ಡಿಸೋಟೊ, ಪ್ಲೈಮೌತ್ ಎಂಬ ಈ ಅಮೆರಿಕನ್ ಗಾಡಿಗಳನ್ನು 1940ರ ದಶಕದ ಕೊನೆಯಲ್ಲಿ ವಾಲಚಂದ ಹೀರಾಚಂದರ ಪ್ರೀಮಿಯರ್ ಕಂಪನಿ ಮುಂಬಯಿಯ ಕುರ್ಲಾದಲ್ಲಿ ಜೋಡಿಸುತ್ತಿತ್ತು. ನಿವೃತ್ತ ಡಾಕ್ಟರರೊಬ್ಬರು ಫಿಯಾಟಿನ ಭಕ್ತರು. ಸ್ಟೀರಿಂಗ್ ಪಕ್ಕದ ಗೇರ್ ದಾಂಡಿಯನ್ನು ಎರಡು ಬೆರಳಿನಲ್ಲಿ ಹಾಕುತ್ತಿದ್ದೆ ಎಂದು ಇಂದಿಗೂ ಗಾಳಿಯಲ್ಲಿ ಕೈಯಾಡಿಸಿ ತೋರಿಸುತ್ತಾರೆ. ಫಿಯಾಟ್ ಶ್ರೀಮಂತ ಗಾಡಿಯೇ ಎಂದು ಇಂದಿನ ಹುಡುಗರು ನಗಬಹುದು. ಹಣ ಕಟ್ಟಿ ವರ್ಷಗಟ್ಟಲೆ ಪಾಳಿ ಕಾಯಬೇಕಾದ ಕಾಲದಲ್ಲಿ ಬಾಗಿಲಿಗೆ ಬಂದು ನಿಂತ ಯಾವ ಮೋಟಾರೂ ಶ್ರೀಮಂತವೇ. ಬ್ಯಾಂಕಿನ ಕೌಂಟರಿನಲ್ಲಿ ಕೂತು ನಾನು ಕಂಡಂತೆ, ಕಾರಿನ ಸಾಲದ ಅರ್ಜಿ ಬಂತೆಂದರೆ ಇಡೀ ಶಾಖೆಗೆ ಸುದ್ದಿ.

1984ರಲ್ಲಿ ಹಿಂದುಸ್ತಾನ್ ಮೋಟಾರ್ಸಿನ ಕಾಂಟೆಸಾ ಬಂತು. ಇಂಗ್ಲೆಂಡಿನ ವಾಕ್ಸ್‌ಹಾಲ್ ಗಾಡಿಯ ಅಚ್ಚು ಅದು. ಚೇರ್ಮನ್ನರ ಗಾಡಿ ಎಂದು ಅದಕ್ಕೆ ಹೆಸರು. ಮೈ ದೊಡ್ಡದು, ಮೊದಲಿನ 1.5 ಲೀಟರ್ ಇಂಜಿನ್ ಚಿಕ್ಕದು; ತವಂದಿ ಘಾಟಿನಲ್ಲಿ ಏರುವಾಗ ಅದರ ಉಸಿರು ನಮಗೂ ಕೇಳುತ್ತಿತ್ತು. ಆಮೇಲೆ ಜಪಾನಿನ ಇಸುಜು 1.8 ಲೀಟರ್ ಇಂಜಿನ್ ಕೂರಿಸಿದ ಮೇಲೆ ಅದು ನಿಜವಾಗಿ ಗಾಡಿಯಾಯಿತು. 2002ಕ್ಕೆ ಅದೂ ನಿಂತಿತು. ಅಂಬಾಸಿಡರ್ 2014ರವರೆಗೆ ಬಾಳಿತು.

ಈ ಮಾತುಗಳಲ್ಲಿ ಮಾಲೀಕರ ಹೆಸರು ಬರುತ್ತದೆ, ಗಾಡಿಯ ಬಣ್ಣ ಬರುತ್ತದೆ, ಮಿಸ್ತ್ರಿಯ ಹೆಸರು ಮಾತ್ರ ಕಡೆಗೆ, ಅದೂ ಯಾರಾದರೂ ಕೇಳಿದರೆ. ನನಗೆ ಇದು ಸರಿ ಕಾಣುವುದಿಲ್ಲ. ಪರದೇಶದ ಗಾಡಿಯ ಬಿಡಿಭಾಗ ತರಿಸುವುದು ಆಗ ಕನಸಿನ ಮಾತು. ಪಿಸ್ಟನ್ ಸವೆಯಿತು, ಬೇರಿಂಗ್ ಹೋಯಿತು, ವಾಟರ್ ಪಂಪ್ ಒಡೆಯಿತು ಎಂದರೆ ದಾರಿ ಒಂದೇ, ಕೊಲ್ಹಾಪುರದ ಉದ್ಯಮನಗರ. ಕಬ್ಬಿನ ಗಾಣ, ಆಯಿಲ್ ಇಂಜಿನ್ ಮಾಡಿ ಪಳಗಿದ ಊರು ಅದು. ಒಡೆದ ಭಾಗವನ್ನೇ ನಮೂನೆಯಾಗಿಟ್ಟು ಕಟ್ಟಿಗೆಯಲ್ಲಿ ಅಚ್ಚು ಕೊರೆಯುವುದು, ಮರಳಿನಲ್ಲಿ ಒತ್ತುವುದು, ಕಬ್ಬಿಣ ಹೊಯ್ಯುವುದು, ಲೇಥಿನಲ್ಲಿ ಕೂದಲೆಳೆಯ ಅಳತೆಗೆ ತರುವುದು. ಕಾದ ಕಬ್ಬಿಣ ತಣಿಯುವಾಗ ಕುಗ್ಗುತ್ತದೆ, ಅದಕ್ಕಾಗಿ ಅಚ್ಚನ್ನು ನೂರಕ್ಕೆ ಒಂದರಷ್ಟು ದೊಡ್ಡದು ಮಾಡಬೇಕು. ಈ ಲೆಕ್ಕ ಅವರಿಗೆ ಪುಸ್ತಕದಿಂದ ಬಂದದ್ದಲ್ಲ, ಅಪ್ಪನ ಕೈಯಿಂದ ಬಂದದ್ದು. ಅವರಲ್ಲಿ ಅನೇಕರಿಗೆ ಗಾಡಿಯ ಹೆಸರು ಓದಲು ಬರುತ್ತಿರಲಿಲ್ಲ, ಇಂಜಿನ್ನಿನ ಸದ್ದು ಓದಲು ಬರುತ್ತಿತ್ತು.

ಇವತ್ತು ಆ ಕೈಗಳ ಅಗತ್ಯ ಹೆಚ್ಚಾಗಿದೆ, ಕೈಗಳು ಕಡಿಮೆಯಾಗಿವೆ. ಅಗತ್ಯ ಏಕೆ ಹೆಚ್ಚಿತು ಎಂದರೆ ಪೆಟ್ರೋಲೇ ಬದಲಾಯಿತು. ಹಿಂದೆ ಪೆಟ್ರೋಲಿನಲ್ಲಿ ಸೀಸ ಇರುತ್ತಿತ್ತು. ಅದು ವಿಷ, 2000ದಲ್ಲಿ ದೇಶದಾದ್ಯಂತ ತೆಗೆದರು, ಒಳ್ಳೆಯದೇ ಆಯಿತು. ಆದರೆ ಹಳೆಯ ಇಂಜಿನ್ನಿನ ವಾಲ್ವು ಕೂರುವ ಜಾಗಕ್ಕೆ ಆ ಸೀಸವೇ ಮೆತ್ತೆಯಾಗಿತ್ತು. ಅದಿಲ್ಲದೆ, ಜೋರಾಗಿ ಓಡಿಸಿದರೆ, ಆ ಜಾಗ ಸವೆಯುತ್ತದೆ. ಗಟ್ಟಿ ಉಕ್ಕಿನ ಉಂಗುರ ಕೂರಿಸುವುದು ಅದಕ್ಕೆ ಮದ್ದು.

ಈಗ ಎರಡನೆಯದು ಬಂದಿದೆ, ಇದು ನಮ್ಮ ಹೊಲದಿಂದಲೇ ಬಂದದ್ದು. ಶೇಕಡಾ 20 ಇಥೆನಾಲ್ ಬೆರೆಸಿದ ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಶುರುವಾಗಿ, 2025ರ ಹೊತ್ತಿಗೆ ದೇಶದ ತುಂಬ ಹರಡಿತು. ನಮ್ಮ ಕಬ್ಬು ಕಾರಖಾನೆಗೆ ಹೋಗಿ, ಇಥೆನಾಲ್ ಆಗಿ, ಟ್ಯಾಂಕಿಗೆ ಬರುತ್ತದೆ. ರೈತನಿಗೆ ಬಿಲ್ಲು ಬೇಗ ಬಂದರೆ ನನಗೂ ಸಂತೋಷ. ಆದರೆ ಇಥೆನಾಲ್ ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರ್ ಕೊಳವೆ ಮೆತ್ತಗಾಗಿ ಬಿರಿಯುತ್ತದೆ, ಕಾರ್ಬುರೇಟರಿನ ಒಳಗೆ ಬಿಳಿ ಪುಡಿ ಕೂರುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತರೆ ಕೇಡು ಹೆಚ್ಚು. ಹಳೆಯ ಗಾಡಿ ಇರುವವರು ಇಂಧನದ ಕೊಳವೆಗಳನ್ನು ಇಥೆನಾಲ್ ತಡೆಯುವಂಥವಕ್ಕೆ ಬದಲಿಸಿಕೊಳ್ಳಿ. ನಿಲ್ಲಿಸುವ ಮೊದಲು ಟ್ಯಾಂಕಿನ ಪೆಟ್ರೋಲ್ ತೆಗೆದಿಡಿ, ಹದಿನೈದು ದಿನಕ್ಕೊಮ್ಮೆ ಓಡಿಸುವವರಾದರೆ ಆ ಗೋಜಿಲ್ಲ.

ಕಾಗದಪತ್ರದ ಮಾತೂ ಒಂದಿದೆ. 50 ವರ್ಷ ದಾಟಿದ, ಮೂಲ ರೂಪ ಕೆಡದ ಸ್ವಂತ ಗಾಡಿಗೆ 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಸಿಗುತ್ತದೆ. ನಿಯಮ ಬಂದಾಗ ಇಟ್ಟ ಶುಲ್ಕ 20,000 ರೂಪಾಯಿ, ಮುದ್ದತ್ತು 10 ವರ್ಷ, ಮುಂದೆ ನವೀಕರಣಕ್ಕೆ 5,000. ನಂಬರ್ ಫಲಕದಲ್ಲಿ ವಿಎ ಎಂಬ ಅಕ್ಷರ ಇರುತ್ತದೆ. ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಅದನ್ನು ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿಗೆ ಒಯ್ಯಬಹುದು. ಚಾಸಿಸ್ಸು, ಮೈ, ಇಂಜಿನ್ನು ಇವನ್ನು ತೀರ ಬದಲಿಸಿದ ಗಾಡಿಗೆ ಇದು ಸಿಗದು. ಆದ್ದರಿಂದ ಹಳೆಯ ಫಿಯಾಟಿಗೆ ಡೀಸೆಲ್ ಇಂಜಿನ್ ಕೂರಿಸುವ ಮೊದಲು ಎರಡು ಸಲ ಯೋಚಿಸಿ.

ದೊಡ್ಡ ಸಂಗ್ರಹ ನೋಡಬೇಕೆನ್ನುವವರು ಧರ್ಮಸ್ಥಳಕ್ಕೆ ಹೋದಾಗ ಅಲ್ಲಿನ ಕಾರು ಸಂಗ್ರಹ ತಪ್ಪಿಸಬೇಡಿ. ಶ್ರೀರಂಗಪಟ್ಟಣದ ಹತ್ತಿರ ಮೈಸೂರು ದಾರಿಯಲ್ಲಿ ಧರ್ಮಸ್ಥಳದವರದೇ ‘ಪಯಣ’ ಎಂಬ ಸಂಗ್ರಹಾಲಯವೂ ಇದೆ. ಮತ್ತು ನಿಮ್ಮ ಊರಲ್ಲಿ ಕಾರ್ಬುರೇಟರ್ ಬಿಚ್ಚಿ ಜೋಡಿಸಬಲ್ಲ ಹಿರಿಯ ಮಿಸ್ತ್ರಿ ಯಾರಾದರೂ ಇದ್ದರೆ, ಮೊಬೈಲಿನಲ್ಲಿ ಅವರ ಕೆಲಸದ ಚಿತ್ರ ತೆಗೆದಿಡಿ. ಯಾವ ಸ್ಕ್ರೂವನ್ನು ಎಷ್ಟು ಸುತ್ತು ತಿರುಗಿಸುತ್ತಾರೆ ಎಂಬುದನ್ನು ಅವರ ಬಾಯಿಂದಲೇ, ಕನ್ನಡವೋ ಮರಾಠಿಯೋ ಅವರ ಮಾತಿನಲ್ಲೇ ಬರೆದುಕೊಳ್ಳಿ.