ನಾಣ್ಯಗಳ ದರ್ಜೆ ನಿರ್ಣಯ: ಶುಲ್ಕ ಶ್ರಮಕ್ಕೋ, ಮೌಲ್ಯಕ್ಕೋ?

ಕಲಘಟಗಿ ತಾಲೂಕಿನ ದೇವಿಕೊಪ್ಪದಂತಹ ಗ್ರಾಮಗಳ ಹಳೆಯ ಮನೆತನಗಳಲ್ಲಿ ದೀಪಾವಳಿಯ ಲಕ್ಷ್ಮೀಪೂಜೆಗೆ ಇಡುವ ನಾಲ್ಕಾರು ಬೆಳ್ಳಿ ರೂಪಾಯಿಗಳು ಇಂದಿಗೂ ಉಳಿದಿರುವುದುಂಟು. ಮದುವೆ, ಬಿತ್ತನೆ, ಆಸ್ಪತ್ರೆಯಂತಹ ಖರ್ಚು ಎದುರಾದಾಗ ಇವು ಹುಬ್ಬಳ್ಳಿಯ ಸರಾಫರ ಅಂಗಡಿಯನ್ನು ತಲುಪಿ ತೂಕದ ಲೆಕ್ಕದಲ್ಲಿ ಮಾರಾಟವಾಗುತ್ತವೆ. ವಿಕ್ಟೋರಿಯಾ ರಾಣಿಯ ಕಾಲದಿಂದ 1939ರವರೆಗಿನ ರೂಪಾಯಿಯ ತೂಕ 11.66 ಗ್ರಾಂ, ಬೆಳ್ಳಿಯ ಅಂಶ ಶೇ. 91.7. ಅಂದರೆ ಒಂದು ನಾಣ್ಯದಲ್ಲಿ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ. ಹೇರಳವಾಗಿ ಟಂಕಿಸಿದ ವರ್ಷಗಳ ಸವೆದ ನಾಣ್ಯಗಳಿಗೆ ಈ ಲೆಕ್ಕ ಬಹುಮಟ್ಟಿಗೆ ಸರಿಯೇ. ಆದರೆ ಆರನೆಯ ಜಾರ್ಜ್‌ನ 1938ರ ರೂಪಾಯಿ ಸಾಮಾನ್ಯವಾದದ್ದು; ಅದೇ ತೂಕದ, ಅದೇ ಮುದ್ರೆಯ 1939ರ ರೂಪಾಯಿ ಅತಿ ವಿರಳ. ಸಂಗ್ರಾಹಕರು ಅದಕ್ಕೆ ಬೆಳ್ಳಿಯ ಬೆಲೆಯ ಅನೇಕ ಪಟ್ಟು ತೆರುತ್ತಾರೆ. ವ್ಯತ್ಯಾಸವಿರುವುದು ಒಂದೇ ಅಂಕಿಯಲ್ಲಿ. ಆದುದರಿಂದಲೇ ಆ ಅಂಕಿಯನ್ನು ತಿದ್ದಿದ ನಕಲಿಗಳೂ ಮಾರುಕಟ್ಟೆಯಲ್ಲಿವೆ.

ನಾಣ್ಯ ಅಸಲಿಯೆಂದು ಮಾರುವವನು ಹೇಳಿದರೆ ಕೊಳ್ಳುವವನು ನಂಬಲಾರ. ಕೊಳ್ಳುವವನು ನಕಲಿಯೆಂದರೆ ಮಾರುವವನು ಒಪ್ಪಲಾರ. ಈ ಎಡೆಯಲ್ಲಿ ಮೂರನೆಯವರ ಪ್ರಮಾಣಪತ್ರ ಬೇಕಾಗುತ್ತದೆ. ಅದಕ್ಕೆ ಎಷ್ಟು ಶುಲ್ಕ ನ್ಯಾಯಸಮ್ಮತ ಎಂಬುದೇ ಇಲ್ಲಿಯ ವಿಚಾರ.

ದರ್ಜೆ ನಿರ್ಣಯದ ಸ್ವರೂಪ

ನಾಣ್ಯದ ಅಸಲಿತನವನ್ನು ಪರೀಕ್ಷಿಸಿ, ಸವಕಳಿಯ ಪ್ರಮಾಣವನ್ನು ಅಳೆದು, ಅಂಕ ನೀಡಿ, ಗುರುತಿನ ಸಂಖ್ಯೆಯೊಡನೆ ಪಾರದರ್ಶಕ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿಕೊಡುವ ಸೇವೆಗೆ ದರ್ಜೆ ನಿರ್ಣಯ ಅಥವಾ ಗ್ರೇಡಿಂಗ್ ಎಂದು ಹೆಸರು. ಬಳಕೆಯಲ್ಲಿರುವ 1ರಿಂದ 70ರವರೆಗಿನ ಅಂಕಮಾಪನವನ್ನು ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ಪ್ರಕಟಿಸಿದರು. ಈ ವ್ಯವಸಾಯದ ಎರಡು ಪ್ರಮುಖ ಸಂಸ್ಥೆಗಳಾದ ಪಿಸಿಜಿಎಸ್ ಮತ್ತು ಎನ್‌ಜಿಸಿ ಅನುಕ್ರಮವಾಗಿ 1986 ಹಾಗೂ 1987ರಲ್ಲಿ ಅದೇ ದೇಶದಲ್ಲಿ ಕಾರ್ಯಾರಂಭ ಮಾಡಿದವು.

ಗ್ರಾಮೀಣ ಕುಟುಂಬಗಳು ಅರಿಯಬೇಕಾದ ಅಂಶವೊಂದಿದೆ. ಹುಣಸೆಹಣ್ಣು ಹಚ್ಚಿ ಉಜ್ಜಿ ಹೊಳಪು ತಂದ ನಾಣ್ಯ, ಸರಕ್ಕೆ ಪೋಣಿಸಲು ಕೊಂಡಿ ಬೆಸೆದ ನಾಣ್ಯ, ರಂಧ್ರ ಕೊರೆದ ನಾಣ್ಯ ಇವುಗಳಿಗೆ ಪೂರ್ಣ ದರ್ಜೆ ದೊರೆಯುವುದಿಲ್ಲ. ಅಸಲಿ, ಆದರೆ ದೋಷಯುಕ್ತ ಎಂಬ ಒಕ್ಕಣೆ ಮಾತ್ರ ಬರುತ್ತದೆ. ಶುಲ್ಕವಾದರೋ ಪೂರ್ತಿಯಾಗಿಯೇ ಸಲ್ಲುತ್ತದೆ. ಪರೀಕ್ಷಕನ ಶ್ರಮ ಎರಡರಲ್ಲಿಯೂ ಒಂದೇ ಆದ್ದರಿಂದ ಇದು ಅನ್ಯಾಯವಲ್ಲ. ಮುಂಚಿತವಾಗಿ ತಿಳಿಸದಿರುವುದು ಮಾತ್ರ ಅನ್ಯಾಯ.

ಶುಲ್ಕದ ಎರಡು ಪದ್ಧತಿಗಳು

ಒಂದು, ಪ್ರತಿ ನಾಣ್ಯಕ್ಕೆ ನಿಗದಿತ ಮೊತ್ತ. ಇನ್ನೊಂದು, ನಾಣ್ಯದ ಮೌಲ್ಯಕ್ಕೆ ಅನುಗುಣವಾಗಿ ಏರುವ ಮೊತ್ತ. ಅಮೆರಿಕದ ಸಂಸ್ಥೆಗಳು ಘೋಷಿತ ಮೌಲ್ಯದ ಮೇಲೆ ಶ್ರೇಣಿಗಳನ್ನು ಮಾಡಿ, ಅತಿ ಬೆಲೆಯುಳ್ಳ ನಾಣ್ಯಗಳಿಗೆ ಮೌಲ್ಯದ ಶೇಕಡಾವಾರು ಭಾಗವನ್ನೂ ಸೇರಿಸುತ್ತವೆ. ದರ್ಜೆ ತಪ್ಪಾದರೆ ನಷ್ಟ ತುಂಬಿಕೊಡುವ ಖಾತರಿಯನ್ನು ತಾವು ಹೊತ್ತಿರುವುದರಿಂದ ಇದು ಅಗತ್ಯವೆಂಬುದು ಅವುಗಳ ಸಮರ್ಥನೆ.

ನಮ್ಮಲ್ಲಿಯೇ ಹೋಲಿಕೆಗೆ ಒದಗುವ ಉದಾಹರಣೆ ಚಿನ್ನಾಭರಣಗಳ ಹಾಲ್‌ಮಾರ್ಕ್. ಭಾರತೀಯ ಮಾನಕ ಬ್ಯೂರೋ ಇದರ ಶುಲ್ಕವನ್ನು 2022ರಲ್ಲಿ ಪ್ರತಿ ಚಿನ್ನದ ಆಭರಣಕ್ಕೆ 35ರಿಂದ 45 ರೂಪಾಯಿಗೆ ಏರಿಸಿತು, ತೆರಿಗೆ ಪ್ರತ್ಯೇಕ. ಮೂರು ಗ್ರಾಂನ ಉಂಗುರಕ್ಕೂ ನೂರು ಗ್ರಾಂನ ಸರಕ್ಕೂ ದರ ಒಂದೇ. ಪರಿಶುದ್ಧತೆ ಕಡಿಮೆಯೆಂದು ಕಂಡುಬಂದರೆ, ಕೊರತೆಯಿಂದ ಲೆಕ್ಕ ಹಾಕಿದ ವ್ಯತ್ಯಾಸದ ಮೊತ್ತದ ಎರಡು ಪಟ್ಟು ಪರಿಹಾರವನ್ನೂ ಪರೀಕ್ಷಾ ಶುಲ್ಕವನ್ನೂ ಗ್ರಾಹಕನಿಗೆ ಕೊಡಬೇಕೆಂದು 2018ರ ನಿಯಮಗಳು ವಿಧಿಸುತ್ತವೆ. ಆ ಹೊಣೆ ಮಾರಾಟಗಾರನದು. ಅಂದರೆ ಪರೀಕ್ಷೆಯ ಬೆಲೆ ಬೇರೆ, ಖಾತರಿಯ ಹೊಣೆ ಬೇರೆ. ನಾಣ್ಯಗಳ ವಿಷಯದಲ್ಲಿಯೂ ಈ ವಿಂಗಡಣೆಯೇ ನ್ಯಾಯದ ಮೊದಲ ಮೆಟ್ಟಿಲು.

ವೆಚ್ಚದ ಲೆಕ್ಕ

ಒಂದು ಕಾಲ್ಪನಿಕ ಸಂಸ್ಥೆಯನ್ನು ಪರಿಗಣಿಸೋಣ. ಮೂವರು ಪರೀಕ್ಷಕರ ಮಾಸಿಕ ವೇತನ 1,50,000 ರೂಪಾಯಿ. ಬಾಡಿಗೆ, ವಿದ್ಯುತ್, ಉಪಕರಣಗಳ ಸವಕಳಿ ಇತ್ಯಾದಿ 40,000 ರೂಪಾಯಿ. ತಿಂಗಳಿಗೆ 1,000 ನಾಣ್ಯಗಳು ಬಂದರೆ ತಲಾ ಸ್ಥಿರ ವೆಚ್ಚ 190 ರೂಪಾಯಿ. ಕವಚ ಮತ್ತು ಛಾಯಾಚಿತ್ರಕ್ಕೆ 60 ರೂಪಾಯಿ ಸೇರಿದರೆ 250. ಶೇ. 10ರ ಲಾಭ ಸೇರಿ 275. ಅದರ ಮೇಲೆ ಶೇ. 18ರ ಜಿಎಸ್‌ಟಿ ಸೇರಿ 324 ರೂಪಾಯಿ 50 ಪೈಸೆ. ಬರುವ ನಾಣ್ಯಗಳು 400ಕ್ಕೆ ಇಳಿದರೆ ವೆಚ್ಚವೇ 535 ರೂಪಾಯಿಗೆ ಏರುತ್ತದೆ. ಹೊಸ ಸಂಸ್ಥೆಯ ದರ ಹೆಚ್ಚಿದ್ದ ಮಾತ್ರಕ್ಕೆ ಅದನ್ನು ಸುಲಿಗೆಯೆನ್ನಲಾಗದು.

ಇನ್ನು ಖಾತರಿಯ ಹೊಣೆ. ಇನ್ನೂರು ನಾಣ್ಯಗಳಲ್ಲಿ ಒಂದರ ನಿರ್ಣಯ ತಪ್ಪುತ್ತದೆ, ತಪ್ಪಿದಾಗ ಮೌಲ್ಯದ ಅರ್ಧ ಭಾಗ ನಷ್ಟವಾಗುತ್ತದೆ ಎಂದಿಟ್ಟುಕೊಂಡರೆ, ಅಪೇಕ್ಷಿತ ನಷ್ಟ ಮೌಲ್ಯದ ಶೇ. 0.25 ಮಾತ್ರ. 50,000 ರೂಪಾಯಿಯ ನಾಣ್ಯಕ್ಕೆ ಇದು 125 ರೂಪಾಯಿ. ಸಂಸ್ಥೆ ಶೇ. 1ರಂತೆ 500 ರೂಪಾಯಿ ಪಡೆದರೆ ಅದು ಈ ಹೊಣೆಯ ನಾಲ್ಕು ಪಟ್ಟು. ಮೀಸಲು ನಿಧಿಯ ಅಗತ್ಯವನ್ನು ತೋರಿಸಿದರೆ ಸಮರ್ಥನೀಯವಾಗಬಹುದು. ಶೇ. 5ರಂತೆ 2,500 ರೂಪಾಯಿ ಕೇಳಿದರೆ ಅದು ಪರೀಕ್ಷೆಯ ಬೆಲೆಯೂ ಅಲ್ಲ, ಖಾತರಿಯ ಬೆಲೆಯೂ ಅಲ್ಲ. ನಾಣ್ಯದ ಒಡೆತನದಲ್ಲಿ ಪಾಲು ಕೇಳಿದಂತೆ. ಖಾತರಿಯನ್ನೇ ಕೊಡದ ಸಂಸ್ಥೆಗೆ ಶೇಕಡಾವಾರು ಶುಲ್ಕ ಪಡೆಯಲು ಯಾವ ಆಧಾರವೂ ಇಲ್ಲ.

ಹಿತಾಸಕ್ತಿಯ ಸಂಘರ್ಷ

ಶುಲ್ಕದ ಮೊತ್ತಕ್ಕಿಂತ ಅದರ ಸ್ವರೂಪ ಹೆಚ್ಚು ಗಂಭೀರವಾದುದು. ದರ್ಜೆ ಏರಿದಂತೆ ಮೌಲ್ಯ ಏರುತ್ತದೆ. ಮೌಲ್ಯ ಏರಿದಂತೆ ಶುಲ್ಕವೂ ಏರುವುದಾದರೆ, ಹೆಚ್ಚಿನ ದರ್ಜೆ ಕೊಡುವುದರಲ್ಲಿ ಪರೀಕ್ಷಕನಿಗೇ ಲಾಭ. ಲೆಕ್ಕಪರಿಶೋಧನಾ ವೃತ್ತಿಯು ಈ ಅಪಾಯವನ್ನು ಬಹಳ ಹಿಂದೆಯೇ ಗುರುತಿಸಿದೆ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಅಧಿನಿಯಮದ ಮೊದಲನೆಯ ಅನುಸೂಚಿಯಂತೆ, ಲಾಭದ ಶೇಕಡಾವಾರು ಅಥವಾ ಫಲಿತಾಂಶವನ್ನು ಅವಲಂಬಿಸಿದ ಶುಲ್ಕ ಪಡೆಯುವುದು, ನಿಯಮಾವಳಿ ಅನುಮತಿಸಿದ ಸಂದರ್ಭಗಳ ಹೊರತು, ವೃತ್ತಿ ದುರ್ನಡತೆ. ತೀರ್ಪು ಕೊಡುವವನಿಗೆ ತೀರ್ಪಿನಿಂದ ಲಾಭವಿರಬಾರದೆಂಬುದು ಇದರ ತಿರುಳು. ಆದುದರಿಂದ ಮೌಲ್ಯಾಧಾರಿತ ಶುಲ್ಕವಿದ್ದರೂ ಅದು ಪರೀಕ್ಷೆಗೆ ಮುನ್ನ ಗ್ರಾಹಕನು ಘೋಷಿಸಿದ ಮೌಲ್ಯದ ಮೇಲಿರಬೇಕೇ ಹೊರತು ಸಂಸ್ಥೆ ಕೊಟ್ಟ ದರ್ಜೆಯ ಮೇಲಿರಕೂಡದು.

ಪರೀಕ್ಷಕನೇ ಖರೀದಿದಾರನಾಗುವುದು ಇದಕ್ಕೆ ತದ್ವಿರುದ್ಧವಾದ ಅಪಾಯ. 1835ರಲ್ಲಿ ಕಂಪನಿ ಸರಕಾರವು ಏಕರೂಪದ ರೂಪಾಯಿಯನ್ನು ಜಾರಿಗೆ ತರುವ ಮೊದಲು ನಾನಾ ಟಂಕಸಾಲೆಗಳ ನಾಣ್ಯಗಳು ಒಟ್ಟಿಗೆ ಚಲಾವಣೆಯಲ್ಲಿದ್ದವು. ಟಿಪ್ಪು ಸುಲ್ತಾನನ ಕಾಲದಲ್ಲಿ ಖುರ್ಷಿದ್ ಸವಾದ್ ಎಂದು ಹೆಸರಾದ ಧಾರವಾಡದಲ್ಲಿಯೂ ಟಂಕಸಾಲೆಯಿತ್ತು. ಆ ದಿನಗಳಲ್ಲಿ ನಾಣ್ಯವನ್ನು ಪರೀಕ್ಷಿಸುವವನೂ, ಬಟ್ಟಾ ಕಳೆದು ಬದಲಾಯಿಸಿಕೊಡುವವನೂ ಚಿನಿವಾರನೇ. ನಾಣ್ಯ ಕಡಿಮೆಯೆಂದಷ್ಟೂ ಬಟ್ಟಾ ಅವನಿಗೇ ಉಳಿಯುತ್ತಿತ್ತು. ಇಂದಿಗೂ ಪರೀಕ್ಷೆಗೆಂದು ಪಡೆದ ನಾಣ್ಯವನ್ನು ತಾನೇ ಕೊಳ್ಳಬಯಸುವವನ ಅಭಿಪ್ರಾಯವನ್ನು ಸ್ವತಂತ್ರ ಪ್ರಮಾಣವೆಂದು ಸ್ವೀಕರಿಸಲಾಗದು.

ಕಾನೂನಿನ ಮಿತಿ

1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಅಧಿನಿಯಮದಂತೆ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಖಾಸಗಿ ವ್ಯಕ್ತಿಗಳು ಅದನ್ನು ರಫ್ತು ಮಾಡುವಂತಿಲ್ಲ. ಅದರ ವ್ಯಾಪಾರ ನಡೆಸುವವರಿಗೆ ಪರವಾನಗಿ ಅಗತ್ಯ. 1911ರ ರೂಪಾಯಿ ಈಗ ಈ ವರ್ಗಕ್ಕೆ ಸೇರಿದೆ. ಐದನೆಯ ಜಾರ್ಜ್‌ನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂಬ ಆಕ್ಷೇಪದಿಂದ ಹಿಂತೆಗೆದುಕೊಂಡ ನಾಣ್ಯವದು. ಇಂತಹ ನಾಣ್ಯಗಳನ್ನು ದರ್ಜೆ ನಿರ್ಣಯಕ್ಕೆಂದು ಅಮೆರಿಕಕ್ಕೆ ಕಳುಹಿಸುವುದು ಕಾನೂನುಬಾಹಿರ. ಆದುದರಿಂದ ದೇಶದೊಳಗಿನ ಸೇವೆಯೇ ಗತಿ. ಆಯ್ಕೆ ಕಡಿಮೆಯಿರುವಲ್ಲಿ ದರದ ಪಾರದರ್ಶಕತೆ ಮತ್ತಷ್ಟು ಅಗತ್ಯ. ಸೇವೆಯಲ್ಲಿ ನ್ಯೂನತೆಯಾದರೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ಜಿಲ್ಲಾ ಆಯೋಗಕ್ಕೆ ದೂರು ಸಲ್ಲಿಸಬಹುದು. ಅದಕ್ಕೆ ರಸೀದಿ ಇರಬೇಕು.

ನಾಣ್ಯ ಒಪ್ಪಿಸುವ ಮುನ್ನ

1. ಪರೀಕ್ಷಾ ಶುಲ್ಕ, ಕವಚ, ಖಾತರಿ, ಅಂಚೆ, ವಿಮೆ, ತೆರಿಗೆ ಇವುಗಳನ್ನು ಬಿಡಿಬಿಡಿಯಾಗಿ ಬರೆದ ದರಪಟ್ಟಿ ಪಡೆಯಬೇಕು.
2. ನಾಣ್ಯದ ಎರಡೂ ಬದಿಗಳ ಛಾಯಾಚಿತ್ರ ತೆಗೆದು, ಗ್ರಾಂನ ನೂರನೆಯ ಭಾಗದವರೆಗೆ ತೂಕ ನಮೂದಿಸಿದ ರಸೀದಿ ಪಡೆಯಬೇಕು.
3. ನಕಲಿಯೆಂದಾದರೆ ಅಥವಾ ದೋಷಯುಕ್ತವೆಂದಾದರೆ ಶುಲ್ಕವೆಷ್ಟು ಎಂಬುದನ್ನು ಮೊದಲೇ ಕೇಳಬೇಕು.
4. ನಿರ್ಣಯ ತಪ್ಪಾದರೆ ಪರಿಹಾರ ಕೊಡುವವರು ಯಾರು, ಎಷ್ಟು ದಿನಗಳಲ್ಲಿ ಎಂಬುದು ಲಿಖಿತವಾಗಿರಬೇಕು.
5. ಒಟ್ಟು ಖರ್ಚು, ದರ್ಜೆಯಿಂದ ಹೆಚ್ಚಬಹುದಾದ ಬೆಲೆಗಿಂತ ಕಡಿಮೆಯಿದ್ದರೆ ಮಾತ್ರ ಮುಂದುವರಿಯಬೇಕು. ಬೆಳ್ಳಿಯ ಬೆಲೆಗೆ ಸಮೀಪದ ಸವೆದ ರೂಪಾಯಿಗೆ ದರ್ಜೆಯ ಅಗತ್ಯವಿಲ್ಲ.

ಗದಗ, ಹುಬ್ಬಳ್ಳಿ, ಧಾರವಾಡಗಳ ವಾಣಿಜ್ಯ ಸಂಸ್ಥೆಗಳು ಸರಾಫರನ್ನೂ ನಾಣ್ಯಶಾಸ್ತ್ರ ಬಲ್ಲ ವಿದ್ವಾಂಸರನ್ನೂ ಕೂಡಿಸಿ, ವರ್ಷಕ್ಕೊಮ್ಮೆಯಾದರೂ ತಾಲೂಕು ಮಟ್ಟದಲ್ಲಿ ಪ್ರಾಥಮಿಕ ಪರಿಶೀಲನೆಯ ಶಿಬಿರ ನಡೆಸಿದರೆ ಬಹಳ ಪ್ರಯೋಜನವಾದೀತು. ನೂರು ನಾಣ್ಯಗಳಲ್ಲಿ ದರ್ಜೆಗೆ ಕಳುಹಿಸಲು ಯೋಗ್ಯವಾದ ಎರಡು ಮೂರನ್ನು ಆರಿಸಿಕೊಟ್ಟರೂ, ಉಳಿದವುಗಳ ಮೇಲಿನ ವ್ಯರ್ಥ ಖರ್ಚು ತಪ್ಪುತ್ತದೆ. ತೂಕದ ಲೆಕ್ಕದಲ್ಲಿ ಕರಗಿಹೋಗಬಹುದಾದ ಒಂದು ಅಪೂರ್ವ ನಾಣ್ಯ ಉಳಿಯುತ್ತದೆ. ಅದರ ನಿಜವಾದ ಬೆಲೆ ಅದನ್ನು ಮೂರು ತಲೆಮಾರು ಕಾಪಾಡಿದ ಮನೆಗೆ ಸಲ್ಲುತ್ತದೆ.