ಸರ ಒಂದೇ, ಶಿಕ್ಷೆ ಹಲವು

ಒಂದು ಚಿನ್ನದ ಸರ. ಜಾತ್ರೆಯ ನೂಕುನುಗ್ಗಲಿನಲ್ಲಿ ಅದನ್ನು ಗೊತ್ತಾಗದಂತೆ ಕತ್ತರಿಸಿಕೊಂಡರೆ ಕಳವು. ಬೈಕಿನಲ್ಲಿ ಬಂದು ಸರಕ್ಕನೆ ಕಿತ್ತುಕೊಂಡು ಹೋದರೆ ಸರಗಳ್ಳತನ. ಚಾಕು ತೋರಿಸಿ ಬಿಚ್ಚಿಸಿಕೊಂಡರೆ ಸುಲಿಗೆ. ಐದು ಅಥವಾ ಹೆಚ್ಚು ಮಂದಿ ಸೇರಿ ಆ ಸುಲಿಗೆ ಮಾಡಿದರೆ ಡಕಾಯಿತಿ. ಸರದ ತೂಕ ಬದಲಾಗಲಿಲ್ಲ, ಬೆಲೆಯೂ ಬದಲಾಗಲಿಲ್ಲ. ಆದರೆ ಗರಿಷ್ಠ ಶಿಕ್ಷೆ ಮಾತ್ರ ಮೂರು ವರ್ಷದಿಂದ ಜೀವಾವಧಿಗೆ ಏರಿತು!

ಪೇಟೆಯ ಮಾತಿನಲ್ಲಿ ಇವೆಲ್ಲವೂ ‘ದರೋಡೆ’. ನ್ಯಾಯಾಲಯ ಮಾತ್ರ, ಹೋದದ್ದು ಎಷ್ಟು ಎಂಬುದಕ್ಕಿಂತ ಹೋದದ್ದು ಹೇಗೆ ಎಂಬುದನ್ನೇ ಮೊದಲು ಕೇಳುತ್ತದೆ.

ಮೆಟ್ಟಿಲು ಮೆಟ್ಟಿಲಾಗಿ

1860ರ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದಕ್ಕೆ ಮೊದಲು ನಡೆದ ಅಪರಾಧಗಳಿಗೆ ಈಗಲೂ ಹಳೆಯ ಸಂಹಿತೆಯೇ ಅನ್ವಯ. ಹಳೆಯದರಲ್ಲಿ ಸುಲಿಗೆಯ ಶಿಕ್ಷೆ 392ನೇ ಕಲಮಿನಲ್ಲಿತ್ತು. ಹೊಸದರಲ್ಲಿ ಅದು 309ನೇ ಕಲಮಿಗೆ ಬಂದಿದೆ.

ಸುಲಿಗೆಗೆ 10 ವರ್ಷಗಳವರೆಗೆ ಕಠಿಣ ಸಜೆ ಮತ್ತು ದಂಡ ವಿಧಿಸಬಹುದು. ಹೆದ್ದಾರಿಯಲ್ಲಿ ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ನಡೆದಿದ್ದರೆ ಈ ಮಿತಿ 14 ವರ್ಷ. ಸುಲಿಗೆಯ ವೇಳೆ ಗಾಯಪಡಿಸಿದರೆ ಜೀವಾವಧಿಯವರೆಗೂ ಹೋಗಬಹುದು. ಇವುಗಳಿಗೆ ಮೇಲಿನ ಮಿತಿ ಇದೆಯೇ ಹೊರತು ಕನಿಷ್ಠ ಶಿಕ್ಷೆ ಇಲ್ಲ. ಆದರೆ ಮಾರಕಾಯುಧ ಬಳಸಿದವನಿಗೆ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆ ಕೊಡುವಂತಿಲ್ಲ. ಇರಿಯದೆ, ಕಣ್ಣಿಗೆ ಕಾಣುವಂತೆ ಚಾಕು ಹಿಡಿದು ಹೆದರಿಸಿದರೂ ಅದು ‘ಬಳಕೆ’ಯೇ ಎಂದು 1975ರಲ್ಲಿಯೇ ಸುಪ್ರೀಂ ಕೋರ್ಟ್ ಹೇಳಿದೆ.

ತಾಲ್ಲೂಕು ನ್ಯಾಯಾಲಯದ ಮಿತಿ

ಸಾಮಾನ್ಯ ಸುಲಿಗೆ ಪ್ರಕರಣದ ವಿಚಾರಣೆ ನಡೆಯುವುದು ತಾಲ್ಲೂಕು ಕೇಂದ್ರದ ಜೆ.ಎಂ.ಎಫ್.ಸಿ. ನ್ಯಾಯಾಲಯದಲ್ಲಿ. ಇಲ್ಲೊಂದು ಸ್ವಾರಸ್ಯವಿದೆ. ಪುಸ್ತಕದಲ್ಲಿ 10 ವರ್ಷ ಎಂದಿದ್ದರೂ ಈ ನ್ಯಾಯಾಧೀಶರು ವಿಧಿಸಬಹುದಾದ ಸಜೆ ಹೆಚ್ಚೆಂದರೆ 3 ವರ್ಷ. ಅಪರಾಧಕ್ಕೆ ಇದು ಸಾಲದು ಎನ್ನಿಸಿದರೆ ಅವರು ತಮ್ಮ ಅಭಿಪ್ರಾಯ ಬರೆದು ಕಡತವನ್ನು ಜಿಲ್ಲೆಯ ಮುಖ್ಯ ನ್ಯಾಯಿಕ ದಂಡಾಧಿಕಾರಿಗೆ ಕಳಿಸುತ್ತಾರೆ. ಅಲ್ಲಿ 7 ವರ್ಷದವರೆಗೆ ವಿಧಿಸಬಹುದು. ಡಕಾಯಿತಿ ಮತ್ತು ಮಾರಕಾಯುಧದ ಪ್ರಕರಣಗಳು ಸೆಷನ್ಸ್ ನ್ಯಾಯಾಲಯಕ್ಕೇ ಹೋಗುತ್ತವೆ.

‘ಸರ ವಾಪಸ್ ಕೊಟ್ಟರೆ ರಾಜಿ ಮಾಡಿಕೊಳ್ಳಬಹುದಲ್ಲ?’ ಎಂದು ಕೇಳುವವರುಂಟು. ಸಾದಾ ಕಳವಿನಲ್ಲಿ ರಾಜಿ ಆಗಬಹುದು. ಸುಲಿಗೆಯಲ್ಲಿ ಆ ದಾರಿ ಇಲ್ಲ. ತಪ್ಪೊಪ್ಪಿಕೊಂಡು ಶಿಕ್ಷೆಯ ಬಗ್ಗೆ ಚೌಕಾಸಿ ಮಾಡುವ ಅವಕಾಶವೂ 7 ವರ್ಷ ಮೀರದ ಶಿಕ್ಷೆಯ ಅಪರಾಧಗಳಿಗೆ ಮಾತ್ರ. ಆದ್ದರಿಂದ ಸುಲಿಗೆಯ ಪ್ರಕರಣ ಹೆಚ್ಚಾಗಿ ತೀರ್ಮಾನವಾಗುವುದು ಸಾಕ್ಷಿಕಟ್ಟೆಯಲ್ಲಿಯೇ.

ಎಲ್ಲವೂ ಸಾಕ್ಷಿಯ ಮೇಲೆ

ಪೊಲೀಸರ ಮುಂದೆ ಆರೋಪಿ ‘ನಾನೇ ಮಾಡಿದೆ’ ಎಂದರೂ ನ್ಯಾಯಾಲಯದಲ್ಲಿ ಆ ಮಾತಿಗೆ ಬೆಲೆಯಿಲ್ಲ. ‘ಸರವನ್ನು ಇಂಥ ಕಡೆ ಬಚ್ಚಿಟ್ಟಿದ್ದೇನೆ’ ಎಂದು ಹೇಳಿ, ಅಲ್ಲಿ ಅದು ಸಿಕ್ಕರೆ, ಆ ಪತ್ತೆಗೆ ಕಾರಣವಾದ ಮಾತಿಗಷ್ಟೇ ಮಾನ್ಯತೆ. ಹಾಗೆ ಸಿಕ್ಕಿದ್ದನ್ನು ಪಂಚರ ಎದುರು ಮಹಜರು ಮಾಡಿ ವಶಪಡಿಸಿಕೊಳ್ಳುತ್ತಾರೆ. ಕೃತ್ಯ ನಡೆದ ಸ್ವಲ್ಪ ಸಮಯದಲ್ಲೇ ಕದ್ದ ಮಾಲು ಒಬ್ಬನ ಬಳಿ ಸಿಕ್ಕಿ, ಅದು ಹೇಗೆ ಬಂತೆಂದು ಅವನು ಹೇಳಲಾರದೆ ಹೋದರೆ, ಅವನೇ ಕಳ್ಳ ಅಥವಾ ತಿಳಿದೂ ಕದ್ದ ಮಾಲು ಪಡೆದವನು ಎಂದು ನ್ಯಾಯಾಲಯ ಭಾವಿಸಬಹುದು.

ಅಪರಿಚಿತ ಆರೋಪಿಯಾದರೆ ಗುರುತು ಪತ್ತೆ ಪರೇಡ್ ನಡೆಯುತ್ತದೆ. ಸಾಮಾನ್ಯವಾಗಿ ತಹಶೀಲ್ದಾರರ ಸಮಕ್ಷಮ, ಅದೇ ವಯಸ್ಸು, ಮೈಕಟ್ಟಿನ ಹಲವರ ನಡುವೆ ಆರೋಪಿಯನ್ನು ನಿಲ್ಲಿಸಿ ಗುರುತಿಸಲು ಹೇಳುತ್ತಾರೆ. ಅದಕ್ಕೂ ಮೊದಲೇ ಸಾಕ್ಷಿ ಅವನ ಮುಖವನ್ನೋ ಫೋಟೋವನ್ನೋ ನೋಡಿದ್ದರೆ ಪರೇಡಿಗೆ ಅರ್ಥವಿಲ್ಲ. ನ್ಯಾಯಾಲಯದಲ್ಲಿ ಮತ್ತೊಮ್ಮೆ ಗುರುತಿಸಬೇಕು. ಮುಖ್ಯ ಸಾಕ್ಷ್ಯ ಅದೇ.

ಅನೇಕ ಪ್ರಕರಣಗಳು ಮುಗ್ಗರಿಸುವುದು ಇಲ್ಲಿಯೇ. ವರ್ಷಗಳು ಕಳೆದು ಸಮನ್ಸ್ ಬಂದಾಗ ಸಾಕ್ಷಿಗೆ ಮುಖ ಮರೆತಿರುತ್ತದೆ. ಪಂಚರು ‘ಠಾಣೆಯಲ್ಲಿ ಸಹಿ ಹಾಕಿದೆ, ಏನೆಂದು ಗೊತ್ತಿಲ್ಲ’ ಎನ್ನುತ್ತಾರೆ. ಪಾಟಿ ಸವಾಲಿಗೆ ಹೆದರಿ ಕೆಲವರು ಬರುವುದೇ ಇಲ್ಲ. ಸಂಶಯದ ಲಾಭ ಆರೋಪಿಗೆ ಸಲ್ಲುತ್ತದೆ. ಅದು ಕಾನೂನಿನ ದೌರ್ಬಲ್ಯವಲ್ಲ. ನಿರಪರಾಧಿಗೆ ಅದೇ ರಕ್ಷೆ.

‘ಬೈಕ್ ಓಡಿಸಿದೆನಷ್ಟೆ’

ವಿದ್ಯಾರ್ಥಿಗಳು ತಿಳಿಯಬೇಕಾದ ಮುಖ್ಯ ಸಂಗತಿ ಇದು. ಗೆಳೆಯ ಸರಕ್ಕೆ ಕೈಹಾಕುತ್ತಾನೆಂದು ಗೊತ್ತಿದ್ದೂ ಅದಕ್ಕಾಗಿಯೇ ಬೈಕ್ ಓಡಿಸಿದವನು, ದಾರಿ ಕಾದವನು ಇಬ್ಬರೂ ಸಮಾನ ಉದ್ದೇಶದ ಪಾಲುದಾರರು. ಸುಲಿಗೆಯ ಹೊಣೆ ಅವರಿಗೂ ಇದೆ. ಆಯುಧಕ್ಕೆ ಸಂಬಂಧಿಸಿದ ಕನಿಷ್ಠ 7 ವರ್ಷದ ಶಿಕ್ಷೆ ಮಾತ್ರ ಅದನ್ನು ಬಳಸಿದವನಿಗಷ್ಟೇ.

ಕೃತ್ಯದ ದಿನ 18 ತುಂಬಿರದಿದ್ದರೆ ಪ್ರಕರಣ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. ವಯಸ್ಸಿಗೆ ಶಾಲೆಯ ದಾಖಲೆ ಅಥವಾ ಎಸ್.ಎಸ್.ಎಲ್.ಸಿ. ಪ್ರಮಾಣಪತ್ರವೇ ಮೊದಲ ಆಧಾರ. ಮಂಡಳಿ ಆಪ್ತ ಸಮಾಲೋಚನೆ, ಸಮುದಾಯ ಸೇವೆಯಿಂದ ಹಿಡಿದು ವಿಶೇಷ ಗೃಹದಲ್ಲಿ 3 ವರ್ಷದವರೆಗೆ ಇರಿಸುವ ಆದೇಶ ಮಾಡಬಹುದು. ಆದರೆ 16 ದಾಟಿದ ಹುಡುಗ ಮಾರಕಾಯುಧ ಬಳಸಿದ್ದರೆ ಅದು ಘೋರ ಅಪರಾಧ. ಅವನನ್ನು ವಯಸ್ಕನಂತೆ ವಿಚಾರಣೆ ಮಾಡಬೇಕೇ ಎಂದು ಮಂಡಳಿ ಪರಿಶೀಲಿಸುತ್ತದೆ. ಕೈಯಲ್ಲಿ ಹಿಡಿದ ಒಂದು ಚಾಕು ಇಷ್ಟು ವ್ಯತ್ಯಾಸ ತರುತ್ತದೆ.

21 ತುಂಬದವರಿಗೂ ಒಂದು ಆಸರೆ ಇದೆ. ಜೀವಾವಧಿ ಶಿಕ್ಷೆಯಿಲ್ಲದ ಅಪರಾಧವಾದರೆ, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಂತೆ, ಅಂಥವರನ್ನು ಜೈಲಿಗೆ ಕಳಿಸುವ ಮುನ್ನ ನ್ಯಾಯಾಧೀಶರು ಪರಿವೀಕ್ಷಣಾಧಿಕಾರಿಯ ವರದಿ ತರಿಸಿ ನೋಡಬೇಕು. ಕಳಿಸಲೇಬೇಕಾದರೆ ಕಾರಣ ಬರೆಯಬೇಕು. ವಕೀಲರನ್ನು ಇಡಲಾಗದ ಆರೋಪಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ನೆರವು ಕೊಡಿಸುತ್ತದೆ.

ಕಳೆದುಕೊಂಡವರು ಮಾಡಬೇಕಾದದ್ದು

ದೂರು ತಡಮಾಡಬಾರದು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಠಾಣೆಯಲ್ಲಿ ಉಚಿತವಾಗಿ ಕೊಡಬೇಕು, ಕೇಳಿ ಪಡೆಯಬೇಕು. ಬೇರೆ ಠಾಣೆಯ ಸರಹದ್ದು ಎಂದು ದೂರನ್ನು ನಿರಾಕರಿಸುವಂತಿಲ್ಲ. ಆಭರಣದ ರಸೀದಿ, ಅದನ್ನು ಧರಿಸಿದ ಹಳೆಯ ಫೋಟೋ, ಕೊಂಡಿಯ ಗುರುತು, ಇವನ್ನು ಮರೆಯದೆ ತಿಳಿಸಬೇಕು.

ಸಿಕ್ಕ ಸರ ತೀರ್ಪು ಬರುವವರೆಗೂ ಠಾಣೆಯಲ್ಲೇ ಇರಬೇಕಾಗಿಲ್ಲ. ಫೋಟೋ ತೆಗೆಸಿ, ವಿವರ ದಾಖಲಿಸಿ, ಮುಚ್ಚಳಿಕೆ ಬರೆಸಿಕೊಂಡು ಇಂಥ ಬೆಲೆಬಾಳುವ ವಸ್ತುಗಳನ್ನು ಬೇಗ ಬಿಡುಗಡೆ ಮಾಡಬೇಕೆಂದು 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕಾಗಿ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬೇಕು. ಗಾಯಗೊಂಡವರು ಕಾನೂನು ಸೇವಾ ಪ್ರಾಧಿಕಾರದ ಮೂಲಕ ಪರಿಹಾರಕ್ಕೂ ಅರ್ಜಿ ಹಾಕಬಹುದು.

ಶಿಕ್ಷೆಯ ಮೆಟ್ಟಿಲುಗಳನ್ನು ಕಾನೂನು ಕಟ್ಟಿಟ್ಟಿದೆ. ಅಪರಾಧಿ ಯಾವ ಮೆಟ್ಟಿಲಿನಲ್ಲಿ ನಿಲ್ಲಬೇಕೆಂಬುದು ಮಾತ್ರ ಕಂಡದ್ದನ್ನು ಕಂಡಂತೆ ಹೇಳುವ ಸಾಮಾನ್ಯ ಜನರ ಕೈಯಲ್ಲಿದೆ. ನೆರೆಮನೆಯವರು, ಅಂಗಡಿಯವರು, ಬಸ್ ನಿಲ್ದಾಣದಲ್ಲಿ ನಿಂತಿದ್ದ ಕಾಲೇಜು ಹುಡುಗಿ, ಇವರಲ್ಲಿ ಯಾರಿಗೆ ಬೇಕಾದರೂ ನಾಳೆ ಸಮನ್ಸ್ ಬರಬಹುದು. ಅದನ್ನು ಪೀಡೆಯೆಂದು ತಿಳಿಯದೆ ಹೋಗಿ ನಿಂತರೆ, ತಪ್ಪಿತಸ್ಥನಿಗೆ ಶಿಕ್ಷೆಯಾಗುತ್ತದೆ, ತಪ್ಪಿಲ್ಲದವನು ಮನೆಗೆ ಹೋಗುತ್ತಾನೆ.